ಮಳೆ ಕುಡಿಯುವ ಮೈದಾನ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಗೆ ಅಂಟಿಕೊಂಡಂತೆ, ಕುಂಚಾವರಂ ಎಂಬ ಊರಿದೆ. ಸುತ್ತಲೂ ಕಾಡು, ಗುಡ್ಡ. ಗುಡ್ಡದ ಮೇಲಿನ ನೆಲ ಕೆಂಪು. ಜಂಬಿಟ್ಟಿಗೆ ಕಲ್ಲು ಸವೆದು ಉಂಟಾದ ಮೊರಂ ನೆಲ. ಅಲ್ಲಿಂದ ಸೇಡಂ, ಚಿತ್ತಾಪುರಗಳ ಕಡೆಗೆ ಇಳಿದರೆ ತೊಗರಿ ಬೆಳೆಯುವ ಎರೆಭೂಮಿ ಹರಡಿಕೊಳ್ಳುತ್ತದೆ. ವಾಡಿ, ಶಹಾಬಾದುಗಳ ಬಳಿ ಆ ಎರೆಯ ಕೆಳಗೇ ಹಾಸುಗಲ್ಲಿನ ಪದರಗಳು. ಈ ಸೀಮೆಯಲ್ಲಿ ಬ್ಯಾಟು ಹಿಡಿದು ಬೆಳೆದ ಹುಡುಗರಿಗೆ ಯಾವ ಪಠ್ಯಪುಸ್ತಕವೂ ಇಲ್ಲದೆ ತಿಳಿದಿರುವ ಸಂಗತಿಯೊಂದುಂಟು. ದೊಡ್ಡ ಮಳೆ ಹೊಯ್ದು ನಿಂತ ಮೇಲೆ ಮೊರಂ ನೆಲದಲ್ಲಿ ಬೇಗ ಆಟ ಹೂಡಬಹುದು. ಎರೆಯ ಹೊಲದಲ್ಲಿಯಾದರೋ ಕಾಲಿಟ್ಟರೆ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಆಟಕ್ಕೆ ದಿನಗಟ್ಟಲೆ ಕಾಯಬೇಕು. ಬೇಸಗೆ ಬಂದಿತೆಂದರೆ ಅದೇ ಎರೆ ಕೈ ತೂರುವಷ್ಟು ಅಗಲಕ್ಕೆ ಬಾಯಿ ಬಿಡುತ್ತದೆ.

ಈ ವ್ಯತ್ಯಾಸಕ್ಕೆ ಕಾರಣವೇನು? ಪ್ರಶ್ನೆ ಸಣ್ಣದಾಗಿ ತೋರಬಹುದು. ಆದರೆ ಬೆಂಗಳೂರಿನ ನಡುಮಧ್ಯದಲ್ಲಿರುವ ಎಂ. ಚಿನ್ನಸ್ವಾಮಿ ಕ್ರೀಡಾಂಗಣದ ಅರ್ಧ ಶತಮಾನದ ಚರಿತ್ರೆಯನ್ನು ನೋಡಿದರೆ, ಅಲ್ಲಿಯ ಎಷ್ಟೋ ಸೋಲುಗೆಲುವುಗಳು ಇದೇ ಪ್ರಶ್ನೆಯ ಸುತ್ತ ತಿರುಗಿರುವುದು ಕಾಣುತ್ತದೆ. ಆಟಗಾರರ ಓಟಗಳ ಲೆಕ್ಕವನ್ನು ಪತ್ರಿಕೆಗಳು ದಿನವೂ ಒದಗಿಸುತ್ತವೆ. ಅವರ ಕಾಲ ಕೆಳಗಿನ ನೆಲದ ವಿಚಾರ ಬರೆಯುವವರು ಕಡಮೆ. ಆದುದರಿಂದ ನಾವು ನೆಲದಿಂದಲೇ ಮೊದಲು ಮಾಡುತ್ತೇವೆ.

ಮಣ್ಣೆಂದರೆ ನಾನಾ ಗಾತ್ರದ ಕಣಗಳ ಮಿಶ್ರಣ. ಮರಳಿನ ಕಣದ ಅಡ್ಡಳತೆ ೦.೦೫ ಮಿಲಿಮೀಟರಿನಿಂದ ೨ ಮಿಲಿಮೀಟರಿನವರೆಗೆ ಇರುತ್ತದೆ. ಜೇಡಿಯ ಕಣ ೦.೦೦೨ ಮಿಲಿಮೀಟರಿಗಿಂತಲೂ ಚಿಕ್ಕದು. ಕಣಗಳು ಚಿಕ್ಕದಾದಷ್ಟೂ ಅವುಗಳ ನಡುವಣ ಸಂದುಗಳು ಕಿರಿದಾಗುತ್ತವೆ. ಸಂದು ಕಿರಿದಾದಷ್ಟೂ ನೀರಿನ ನಡಿಗೆ ಮಂದವಾಗುತ್ತದೆ. ಎರೆಮಣ್ಣಿಗೆ ಇದಲ್ಲದೆ ಇನ್ನೊಂದು ಗುಣವುಂಟು. ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆ ಶಿಥಿಲವಾಗಿ ಹುಟ್ಟಿದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಜಾತಿಯ ಖನಿಜ ಹೇರಳವಾಗಿರುತ್ತದೆ. ಅದರ ಹರಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿದ್ದು, ನೀರು ಹಾಳೆಗಳ ನಡುವೆಯೇ ಹೊಕ್ಕು ಅವುಗಳನ್ನು ದೂರ ಸರಿಸುತ್ತದೆ. ಮಣ್ಣು ಉಬ್ಬುವುದು ಹೀಗೆ. ಒಣಗಿದಾಗ ಹಾಳೆಗಳು ಮತ್ತೆ ಹತ್ತಿರ ಬರುತ್ತವೆ, ನೆಲ ಬಿರಿಯುತ್ತದೆ. ಜಂಬಿಟ್ಟಿಗೆಯ ಮಣ್ಣಿನಲ್ಲಿರುವುದು ಹೆಚ್ಚಾಗಿ ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಆಕ್ಸೈಡುಗಳು ಹಾಗೂ ಕೇಯೊಲಿನೈಟ್. ಇವು ನೀರನ್ನು ಕುಡಿದು ಉಬ್ಬುವ ಪೈಕಿಯವಲ್ಲ.

ವಿದ್ಯಾರ್ಥಿ ವಾಚಕರು ಇದನ್ನು ಮನೆಯಲ್ಲಿಯೇ ನೋಡಬಹುದು. ಎರಡು ಪ್ಲಾಸ್ಟಿಕ್ ಸೀಸೆಗಳ ತಳವನ್ನು ಕೊಯ್ದು ತೆಗೆದು, ಬಾಯಿಗೆ ಅರಿವೆ ಕಟ್ಟಿ, ತಲೆಕೆಳಗಾಗಿ ನಿಲ್ಲಿಸಿರಿ. ಒಂದರಲ್ಲಿ ಎರೆಮಣ್ಣಿನ ಪುಡಿ, ಇನ್ನೊಂದರಲ್ಲಿ ಮರಳು ಅಥವಾ ಮೊರಂ ತುಂಬಿ, ಎರಡಕ್ಕೂ ಒಂದೊಂದು ಲೋಟ ನೀರು ಹೊಯ್ದು ಗಡಿಯಾರ ನೋಡುತ್ತಿರಿ. ತರುವಾಯ ಎರಡನ್ನೂ ಒಂದು ವಾರ ಬಿಸಿಲಿನಲ್ಲಿಟ್ಟರೆ, ಎರೆಮಣ್ಣು ಸೀಸೆಯ ಗೋಡೆಯನ್ನು ಬಿಟ್ಟು ಒಳಸರಿದಿರುವುದೂ ಕಾಣುವುದು.

ಕ್ರಿಕೆಟ್ ಮೈದಾನವನ್ನು ಕಟ್ಟುವವನ ಕಷ್ಟವೆಲ್ಲ ಇಲ್ಲಿಯೇ ಇದೆ. ಅವನಿಗೆ ಈ ಎರಡು ಬಗೆಯ ನೆಲವೂ ಬೇಕು. ಅದೂ ಒಂದೇ ವೃತ್ತದೊಳಗೆ. ನಡುವಿನ ಪಿಚ್ಚು ೨೨ ಗಜ ಉದ್ದ, ೧೦ ಅಡಿ ಅಗಲ. ಅದರ ಮೇಲೆ ಚೆಂಡು ಪುಟಿಯಬೇಕಾದರೆ ನೆಲ ಇಟ್ಟಿಗೆಯಂತೆ ಗಟ್ಟಿಯಾಗಿರಬೇಕು. ಜೇಡಿಯನ್ನು ಹದವಾದ ತೇವದಲ್ಲಿ ರೋಲರಿನಿಂದ ತಿರುತಿರುಗಿ ಅದುಮಿದರೆ ಮಾತ್ರ ಆ ಗಟ್ಟಿತನ ಬರುತ್ತದೆ. ಮರಳಿನಿಂದ ಎಷ್ಟು ಅದುಮಿದರೂ ಬಾರದು. ಪಿಚ್ಚಿನ ಸುತ್ತಲಿನ ವಿಶಾಲವಾದ ಹುಲ್ಲುಗಾವಲಿನಲ್ಲಿಯಾದರೋ ನೀರು ನಿಲ್ಲಲೇ ಕೂಡದು. ಅಲ್ಲಿಗೆ ಮರಳೇ ಸರಿ. ಸೇಡಮ್ಮಿನ ಎರೆಯ ಗುಣವನ್ನು ನಡುವೆ ಇಟ್ಟು, ಕುಂಚಾವರಂ ಗುಡ್ಡದ ಗುಣವನ್ನು ಸುತ್ತಲೂ ಹಾಸಿದಂತೆ ಎನ್ನಬಹುದು. ಬೆಂಗಳೂರಿನವರು ಈ ಪಾಠವನ್ನು ಪೂರ್ತಿಯಾಗಿ ಕಲಿಯಲು ಬಹಳ ವರ್ಷಗಳೇ ಬೇಕಾದುವು.

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿದುದು ೧೯೩೩ರಲ್ಲಿ. ಮಾರನೆಯ ವರ್ಷ, ೧೯೩೪ರ ನವೆಂಬರ್ ೪ರಂದು, ರಣಜಿ ಪಂದ್ಯಾವಳಿಯ ಮೊತ್ತಮೊದಲ ಪಂದ್ಯವನ್ನು ಮೈಸೂರು ತಂಡ ಮದರಾಸಿನ ಚೆಪಾಕಿನಲ್ಲಿ ಆಡಿ, ಅದೇ ದಿನ ಸಂಜೆಯೊಳಗಾಗಿ ಸೋತಿತು. ಬೆಂಗಳೂರಿನಲ್ಲಿ ಆಗ ಸಂಸ್ಥೆಗೆ ಸ್ವಂತದ ಅಂಗಳವಿರಲಿಲ್ಲ. ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ, ಮರಗಳ ನೆರಳಿನ ಅಂಚಿನಲ್ಲಿ, ದಶಕಗಳ ಕಾಲ ರಾಜ್ಯದ ಪಂದ್ಯಗಳು ನಡೆದುವು. ಸ್ವಂತ ಕ್ರೀಡಾಂಗಣದ ಹಂಬಲವನ್ನು ಹಿಡಿದು ಬಿಡದೆ ಸಾಧಿಸಿದವರಲ್ಲಿ ಮುಖ್ಯರು ಮಂಡ್ಯದ ಕಡೆಯಿಂದ ಬಂದ ವಕೀಲರಾದ ಎಂ. ಚಿನ್ನಸ್ವಾಮಿಯವರು. ಮುಂದೆ ೧೯೭೭ರಿಂದ ೧೯೮೦ರವರೆಗೆ ಭಾರತದ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದವರೂ ಇವರೇ. ಸರ್ಕಾರದ ನೆರವಿನಿಂದ, ಕಬ್ಬನ್ ಉದ್ಯಾನದ ಮಗ್ಗುಲಲ್ಲಿ, ೧೯೬೯ರ ಮೇ ತಿಂಗಳಲ್ಲಿ ಅಸ್ತಿಭಾರದ ಕಲ್ಲು ಬಿದ್ದಿತು. ಕಟ್ಟಡದ ಕೆಲಸ ೧೯೭೦ರಲ್ಲಿ ಮೊದಲಾಯಿತು. ೧೯೭೨–೭೩ರ ಋತುವಿನಲ್ಲಿ ಪ್ರಥಮ ದರ್ಜೆಯ ಆಟಗಳು ಪ್ರಾರಂಭವಾದುವು. ಕ್ರೀಡಾಂಗಣಕ್ಕೆ ಚಿನ್ನಸ್ವಾಮಿಯವರ ಹೆಸರು ಬಂದುದು ಆಮೇಲೆ.

ಹೊಸ ಅಂಗಳ ಕೀರ್ತಿ ಗಳಿಸಲು ಬಹಳ ಕಾಲ ಹಿಡಿಯಲಿಲ್ಲ. ಮುಂಬಯಿ ತಂಡ ೧೯೫೮–೫೯ರಿಂದ ೧೫ ವರ್ಷ ಎಡೆಬಿಡದೆ ರಣಜಿ ಪ್ರಶಸ್ತಿಯನ್ನು ಗೆದ್ದಿತ್ತು. ೧೯೭೪ರ ಮಾರ್ಚಿಯಲ್ಲಿ ಇಲ್ಲಿ ನಡೆದ ಉಪಾಂತ್ಯ ಪಂದ್ಯದಲ್ಲಿ, ಕೆಲವೇ ತಿಂಗಳ ಹಿಂದೆ ಹೊಸ ಹೆಸರು ಪಡೆದ ಕರ್ನಾಟಕದ ತಂಡ, ಮೊದಲ ಇನ್ನಿಂಗ್ಸಿನ ಮುನ್ನಡೆಯ ಬಲದಿಂದ ಆ ಸರಪಳಿಯನ್ನು ಕಡಿಯಿತು. ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪ್ರಶಸ್ತಿಯನ್ನೂ ತಂದಿತು. ಅದೇ ವರ್ಷದ ನವೆಂಬರ್ ೨೨ರಂದು ಇಲ್ಲಿ ಮೊದಲ ಟೆಸ್ಟ್ ಪಂದ್ಯ. ವೆಸ್ಟ್ ಇಂಡೀಸಿನ ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರೂ ಟೆಸ್ಟ್ ಜೀವನವನ್ನು ತೊಡಗಿದುದು ಆ ಪಂದ್ಯದಲ್ಲಿ. ಭಾರತ ೨೬೭ ಓಟಗಳಿಂದ ಸೋತಿತು.

ಜೇಡಿಯ ಸ್ವಭಾವವನ್ನು ಈ ಅಂಗಳ ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿದುದು ೧೯೮೭ರ ಮಾರ್ಚಿಯಲ್ಲಿ. ಪಾಕಿಸ್ತಾನದೊಡನೆ ಅದು ಸರಣಿಯ ಕೊನೆಯ ಟೆಸ್ಟ್. ಪಿಚ್ಚು ಒಣಗಿ, ಅದರ ಮೇಲ್ಮೈ ಬಿಗಿ ತಪ್ಪಿತ್ತು. ಹುಲ್ಲಿನ ಬೇರು ಮತ್ತು ಅಲ್ಪ ತೇವ, ಇವೆರಡೂ ಜೇಡಿಯ ಕಣಗಳನ್ನು ಹಿಡಿದಿಡುವ ಗಾರೆಯಿದ್ದಂತೆ. ಅವು ಹೋದರೆ ಪಿಚ್ಚು ಹೋಳು ಹೋಳಾಗಿ ಪುಡಿಯಾಗುತ್ತದೆ. ಅಂಥ ಒರಟು ನೆಲಕ್ಕೆ ತಿರುಗುತ್ತ ಬಂದ ಚೆಂಡು ಬಿದ್ದಾಗ ಘರ್ಷಣೆ ಹೆಚ್ಚಿ, ಅದು ಥಟ್ಟನೆ ಪಕ್ಕಕ್ಕೆ ಜಿಗಿಯುತ್ತದೆ. ಒಮ್ಮೆ ಎದೆಮಟ್ಟಕ್ಕೆ ಏರುತ್ತದೆ, ಮತ್ತೊಮ್ಮೆ ನೆಲ ಬಿಟ್ಟು ಏಳುವುದೇ ಇಲ್ಲ. ಮೊದಲ ದಿನವೇ ಪಾಕಿಸ್ತಾನ ೧೧೬ಕ್ಕೆ ಮುಗಿಯಿತು; ಮಣಿಂದರ್ ಸಿಂಗ್ ೨೭ ಓಟ ಕೊಟ್ಟು ೭ ವಿಕೆಟ್ ಪಡೆದರು. ಕೊನೆಗೆ ೨೨೧ ಓಟಗಳ ಗುರಿ ಹಿಡಿದ ಭಾರತ ೧೬ ಓಟಗಳಿಂದ ಸೋತಿತು. ತಮ್ಮ ಕಡೆಯ ಟೆಸ್ಟ್ ಇನ್ನಿಂಗ್ಸನ್ನು ಆಡುತ್ತಿದ್ದ ಸುನಿಲ್ ಗಾವಸ್ಕರ್ ಆ ನೆಲದ ಮೇಲೆ ೯೬ ಓಟ ಗಳಿಸಿದರು. ಸಪಾಟಾದ ಪಿಚ್ಚಿನ ಮೇಲಿನ ಎಷ್ಟೋ ಇನ್ನೂರುಗಳಿಗಿಂತ ಇದು ಹಿರಿದೆಂಬುದು ನಮ್ಮ ಅಭಿಪ್ರಾಯ.

ಇನ್ನು ಮಳೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು ೯೦೦ರಿಂದ ೧೦೦೦ ಮಿಲಿಮೀಟರ್ ಮಳೆ ಬೀಳುತ್ತದೆ. ಮೇ ತಿಂಗಳ ಗುಡುಗುಮಳೆ ಒಂದು ಕಡೆ, ಸೆಪ್ಟೆಂಬರ್–ಅಕ್ಟೋಬರ್‌ಗಳ ದೊಡ್ಡ ಮಳೆ ಇನ್ನೊಂದು ಕಡೆ. ಇವೆರಡೂ ಆಟದ ಋತುವಿನೊಳಕ್ಕೇ ಚಾಚಿಕೊಂಡಿವೆ. ೨೦೧೫ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದ ಎ. ಬಿ. ಡಿವಿಲಿಯರ್ಸ್ ತಮ್ಮ ನೂರನೆಯ ಟೆಸ್ಟನ್ನು ಇಲ್ಲಿ ಆಡಲು ಬಂದರು. ಮೊದಲ ದಿನ ಅವರು ೮೫ ಓಟ ಹೊಡೆದರು. ಉಳಿದ ನಾಲ್ಕು ದಿನ ಒಂದು ಚೆಂಡನ್ನೂ ಎಸೆಯಲಾಗಲಿಲ್ಲ. ಮಳೆ ನಿಂತ ಹೊತ್ತಿನಲ್ಲಿಯೂ ನೆಲ ಆಟಕ್ಕೆ ಅಣಿಯಾಗಲಿಲ್ಲವೆಂಬುದೇ ಸಂಸ್ಥೆಯವರಿಗೆ ಹೆಚ್ಚು ಚುಚ್ಚಿದ ಸಂಗತಿ.

ಆಗ ಹೊರಾಂಗಣದ ಹಳೆಯ ಮಣ್ಣನ್ನು ತೆಗೆದು ಮರಳಿನ ಹಾಸನ್ನು ಹಾಕಲಾಯಿತು. ಮರಳು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ವಾಚಕರು ತಿಳಿಯಬಾರದು. ತೊಯ್ದ ಸ್ಪಂಜನ್ನು ತಟ್ಟೆಯ ಮೇಲೆ ಎತ್ತಿ ಹಿಡಿಯಿರಿ. ಸ್ವಲ್ಪ ನೀರು ಸೋರಿ, ಆಮೇಲೆ ತೊಟ್ಟಿಕ್ಕುವುದು ನಿಲ್ಲುತ್ತದೆ. ಸ್ಪಂಜು ಒಣಗಿದೆಯೇ? ಇಲ್ಲ. ಕೂದಲೆಳೆಯಂಥ ಸಂದುಗಳಲ್ಲಿ ನೀರನ್ನು ಹಿಡಿದಿಡುವ ಕೇಶಾಕರ್ಷಣ ಶಕ್ತಿ ಭೂಮಿಯ ಗುರುತ್ವಾಕರ್ಷಣಕ್ಕೆ ಸರಿಸಮವಾಗಿ ನಿಂತಿದೆ. ಮರಳಿನ ಹಾಸೂ ಹೀಗೆಯೇ. ಅದರ ಅಡಿಯಲ್ಲಿ ಒಂದು ಮಟ್ಟದ ನೀರು ಇಳಿಯದೆ ತೂಗಾಡುತ್ತಿರುತ್ತದೆ. ಅದನ್ನು ಇಳಿಸಬೇಕಾದರೆ ಗುರುತ್ವಾಕರ್ಷಣಕ್ಕೆ ಇನ್ನೊಂದು ಬಲದ ಸಹಾಯ ಬೇಕು.

ಆ ಬಲವನ್ನು ಒದಗಿಸುವ ಸಾಧನವೇ ಸಬ್‌ಏರ್ ಎಂಬುದು. ಅಮೆರಿಕದ ಗಾಲ್ಫ್ ಅಂಗಳಗಳಿಗಾಗಿ ರೂಪುಗೊಂಡ ಇದನ್ನು ೨೦೧೭ರ ಆರಂಭದಲ್ಲಿ ಬೆಂಗಳೂರಿನಲ್ಲಿ ಅಳವಡಿಸಿದರು. ಜಗತ್ತಿನ ಕ್ರಿಕೆಟ್ ಮೈದಾನಗಳಲ್ಲಿ ಇದೇ ಮೊದಲು. ಹುಲ್ಲು, ಅದರ ಕೆಳಗೆ ಮರಳು, ಅದರ ಕೆಳಗೆ ತೂತುಗಳುಳ್ಳ ಕೊಳವೆಗಳ ಜಾಲ. ಕೊಳವೆಗಳ ತುದಿಯಲ್ಲಿ ಬಲವಾದ ವಿದ್ಯುತ್ ಬೀಸಣಿಗೆಗಳು. ಬೀಸಣಿಗೆ ತಿರುಗಿ ಕೊಳವೆಯೊಳಗಣ ಗಾಳಿಯನ್ನು ಹೊರಕ್ಕೆ ಎಳೆದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಮೇಲಿರುವ ವಾಯುಮಂಡಲದ ಒತ್ತಡ ಮರಳಿನ ಸಂದುಗಳಲ್ಲಿ ನಿಂತ ನೀರನ್ನು ಕೆಳಕ್ಕೆ ತಳ್ಳುತ್ತದೆ. ಎಳನೀರನ್ನು ಕೊಳವೆಯಿಂದ ಹೀರುವಾಗ ನಡೆಯುವುದೂ ಇದೇ. ಬೀಸಣಿಗೆಯನ್ನು ಹಿಂದುಮುಂದಾಗಿ ನಡೆಸಿದರೆ ಗಾಳಿ ಕೆಳಗಿನಿಂದ ಮೇಲಕ್ಕೆ ಹಾಯ್ದು ಹುಲ್ಲಿನ ಬೇರುಗಳಿಗೆ ಉಸಿರಾಟವೂ ಆಗುತ್ತದೆ.

ಈ ಯಂತ್ರ ನಿಮಿಷಕ್ಕೆ ೧೦,೦೦೦ ಲೀಟರ್ ನೀರನ್ನು ಎಳೆಯಬಲ್ಲುದೆಂದು ಆಗ ಹೇಳಲಾಯಿತು. ಇದು ಎಷ್ಟು ಮಳೆಗೆ ಸಮ? ಮೈದಾನದ ತ್ರಿಜ್ಯ ೬೫ ಮೀಟರ್ ಎಂದು ಹಿಡಿದರೆ ವಿಸ್ತೀರ್ಣ ಸುಮಾರು ೧೩,೩೦೦ ಚದರ ಮೀಟರ್. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್; ಅಂದರೆ ಇಡೀ ಮೈದಾನಕ್ಕೆ ೧೩,೩೦೦ ಲೀಟರ್. ಆದುದರಿಂದ ಯಂತ್ರ ನಿಮಿಷಕ್ಕೆ ಮುಕ್ಕಾಲು ಮಿಲಿಮೀಟರ್, ಗಂಟೆಗೆ ೪೫ ಮಿಲಿಮೀಟರ್ ಮಳೆಯನ್ನು ಕುಡಿಯಬೇಕು. ಬೆಂಗಳೂರಿನ ಸಾಧಾರಣ ಮಳೆಗೆ ಇದು ಧಾರಾಳವಾಗಿ ಸಾಕು. ೨೦೨೪ರ ಮೇ ೧೮ರಂದು ಬೆಂಗಳೂರು–ಚೆನ್ನೈ ತಂಡಗಳ ಐಪಿಎಲ್ ಪಂದ್ಯ ಮೂರು ಓವರುಗಳಾದ ಕೂಡಲೆ ಮಳೆಗೆ ನಿಂತು, ಒಂದು ಗಂಟೆಯೊಳಗಾಗಿ ಮತ್ತೆ ನಡೆದು ಪೂರ್ಣವಾದುದನ್ನು ಟೆಲಿವಿಷನ್ನಿನಲ್ಲಿ ದೇಶವೆಲ್ಲ ನೋಡಿತು. ಅದೇ ಬೇಸಗೆಯಲ್ಲಿ ನಗರದಲ್ಲಿ ಕುಡಿಯುವ ನೀರಿಗೆ ಬರ ಬಂದು, ಈ ಹುಲ್ಲಿಗೆ ಶುದ್ಧೀಕರಿಸಿದ ಬಚ್ಚಲ ನೀರನ್ನು ಉಣಿಸಬೇಕಾಗಿತ್ತು. ಮಳೆನೀರನ್ನು ಹೀರಿ ಹೊರಹಾಕುವ ಮೈದಾನಕ್ಕೆ ಬೇಸಗೆಯಲ್ಲಿ ನೀರಿನ ಸಾಲ!

ಆದರೆ ಕೊಳವೆಗಳು ಹುಲ್ಲುಗಾವಲನ್ನು ಉಳಿಸಿದಂತೆ ಪಿಚ್ಚನ್ನು ಉಳಿಸಲಾರವು. ಜೇಡಿಯ ಸಂದುಗಳಿಂದ ನೀರನ್ನು ಎಳೆಯುವ ಶಕ್ತಿ ಯಾವ ಬೀಸಣಿಗೆಗೂ ಇಲ್ಲ. ಪಿಚ್ಚಿಗೆ ಹೊದಿಕೆಯೇ ಗತಿ. ೨೦೨೪ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡಿನೊಡನೆ ನಡೆದ ಟೆಸ್ಟಿನ ಮೊದಲ ದಿನವೆಲ್ಲ ಮಳೆ. ಪಿಚ್ಚು ದಿನಗಟ್ಟಲೆ ಹೊದಿಕೆಯ ಕೆಳಗೆ ಬೆವರಿತು. ನೆಲದಿಂದೆದ್ದ ಆವಿ ಹೊದಿಕೆಯ ಒಳಮೈಗೆ ತಾಗಿ, ಹನಿಗೂಡಿ, ಮತ್ತೆ ಮೇಲ್ಮಣ್ಣಿಗೇ ಇಳಿಯುತ್ತದೆ. ಇಂಥ ಮೆತ್ತನೆಯ ಮೇಲ್ಪದರಕ್ಕೆ ಚೆಂಡಿನ ಹೊಲಿಗೆ ಕಚ್ಚಿದಾಗ ಅದರ ದಾರಿ ಹಠಾತ್ತಾಗಿ ಬದಲಾಗುತ್ತದೆ. (ಮೋಡ ಕವಿದ ದಿನ ಚೆಂಡು ಗಾಳಿಯಲ್ಲಿ ಹೆಚ್ಚು ಬಾಗುತ್ತದೆಂಬ ಮಾತೂ ಆಟಗಾರರಲ್ಲಿದೆ, ವಿಜ್ಞಾನಿಗಳಲ್ಲಿ ಆ ಬಗ್ಗೆ ಇನ್ನೂ ವಾದವುಂಟು.) ಎರಡನೆಯ ದಿನ ಟಾಸ್ ಗೆದ್ದು ಬ್ಯಾಟು ಹಿಡಿದ ಭಾರತ ೪೬ ಓಟಗಳಿಗೆ ಉರುಳಿತು. ಸ್ವದೇಶದಲ್ಲಿ ನಮ್ಮವರ ಅತಿ ಕಡಮೆ ಮೊತ್ತವದು. ೧೯೮೮ರ ತರುವಾಯ ಭಾರತದ ನೆಲದಲ್ಲಿ ಟೆಸ್ಟ್ ಗೆಲ್ಲದಿದ್ದ ನ್ಯೂಜಿಲೆಂಡ್ ೮ ವಿಕೆಟುಗಳಿಂದ ಗೆದ್ದಿತು.

ನೆಲದಂತೆ ಗಾಳಿಯೂ ಇಲ್ಲಿಯ ಆಟದಲ್ಲಿ ಪಾಲುಗಾರ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೨೦ ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಚೆನ್ನೈ, ಮುಂಬಯಿಗಳಿಗಿಂತ ಹತ್ತರಲ್ಲೊಂದು ಪಾಲಿನಷ್ಟು ಕಡಮೆ. ತೆಳುವಾದ ಗಾಳಿಯಲ್ಲಿ ಚೆಂಡಿಗೆ ತಡೆ ಕಡಮೆ. ಇದರ ಅತಿರೇಕವನ್ನು ನೋಡಬೇಕಾದರೆ ಅಮೆರಿಕದ ಡೆನ್ವರ್ ನಗರಕ್ಕೆ ಹೋಗಬೇಕು; ಅದರ ಎತ್ತರ ೧,೬೦೦ ಮೀಟರ್. ಅಲ್ಲಿ ೧೯೪೮ರಲ್ಲಿ ಬೇರ್ಸ್ ಎಂಬ ಕಿರಿಯ ಲೀಗಿನ ಬೇಸ್‌ಬಾಲ್ ತಂಡಕ್ಕಾಗಿ ಒಂದು ಮೈದಾನ ಕಟ್ಟಿದರು. ೧೯೯೩ರಲ್ಲಿ ನಗರಕ್ಕೆ ಹಿರಿಯ ಲೀಗಿನ ತಂಡ ಬಂದು, ೧೯೯೫ರಲ್ಲಿ ಕೂರ್ಸ್ ಫೀಲ್ಡ್ ಎಂಬ ಹೊಸ ಅಂಗಳ ತೆರೆದಾಗ, ಬೇಲಿ ದಾಟುವ ಹೊಡೆತಗಳು ಅತಿಯಾಗಿ ಆಟದ ಸಮತೋಲವೇ ಕೆಟ್ಟಿತು. ಒಣ ಹವೆಯಲ್ಲಿ ಚೆಂಡು ಒಣಗಿ ಹೆಚ್ಚು ಪುಟಿಯುತ್ತದೆಂದು ಕಂಡುಕೊಂಡ ಅವರು, ೨೦೦೨ರಿಂದ ಚೆಂಡುಗಳನ್ನು ತೇವದ ಕೋಣೆಯಲ್ಲಿ ಇಟ್ಟು ಆಡತೊಡಗಿದರು. ಬೆಂಗಳೂರಿನವರು ಅಂಥ ಉಪಾಯಕ್ಕೆ ಹೋಗಿಲ್ಲ. ೨೦೧೩ರ ಏಪ್ರಿಲ್ ೨೩ರಂದು ಕ್ರಿಸ್ ಗೇಲ್ ಇಲ್ಲಿ ೬೬ ಚೆಂಡುಗಳಲ್ಲಿ ೧೭೫ ಓಟ ಹೊಡೆದಾಗ ೧೭ ಚೆಂಡುಗಳು ಗೆರೆಯಾಚೆ ಹಾರಿದುವು. ಎಲ್ಲವೂ ತೆಳುಗಾಳಿಯ ಮಹಿಮೆಯೆಂದರೆ ಗೇಲರ ತೋಳಿಗೆ ಅನ್ಯಾಯವಾದೀತು. ಇಲ್ಲಿಯ ಗೆರೆಗಳು ಹತ್ತಿರವೂ ಹೌದು.

ಗೆರೆಗಳು ಹತ್ತಿರವಿರುವುದು ಜಾಗ ಕಿರಿದಾದುದರಿಂದ. ಈಗ ನಾವು ಮೈದಾನದಿಂದ ಹೊರಗೆ, ಬಾಗಿಲುಗಳ ಬಳಿಗೆ ಬರಬೇಕು.

೨೦೨೫ರ ಜೂನ್ ೩ರಂದು ಅಹಮದಾಬಾದಿನಲ್ಲಿ ಬೆಂಗಳೂರಿನ ತಂಡ ಮೊದಲ ಸಲ ಐಪಿಎಲ್ ಪ್ರಶಸ್ತಿ ಗೆದ್ದಿತು. ಮರುದಿನ ಸನ್ಮಾನವೆಂದು ಕೇಳಿ ಕ್ರೀಡಾಂಗಣದ ಸುತ್ತ ನೆರೆದವರು ಎರಡು ಮೂರು ಲಕ್ಷವೆಂದು ಸರ್ಕಾರ ಹೇಳಿತು. ಒಳಗಣ ಆಸನಗಳು ಸುಮಾರು ೩೫,೦೦೦. ಬಾಗಿಲುಗಳ ಬಳಿಯ ನೂಕುನುಗ್ಗಲಿನಲ್ಲಿ ೧೧ ಮಂದಿ ಸತ್ತರು. ೫೦ಕ್ಕೂ ಹೆಚ್ಚು ಜನಕ್ಕೆ ಪೆಟ್ಟಾಯಿತು. ಸತ್ತವರಲ್ಲಿ ನಮ್ಮ ಈ ಪತ್ರಿಕೆಯನ್ನು ಓದುವ ವಯಸ್ಸಿನವರೂ ಇದ್ದರು.

ಇಂಥ ಸಾವನ್ನು ಕಾಲ್ತುಳಿತವೆಂದು ಕರೆಯುವ ರೂಢಿಯಿದೆ. ಆ ಮಾತು ದಾರಿ ತಪ್ಪಿಸುತ್ತದೆ. ಜನಸಂದಣಿಯನ್ನು ಅಭ್ಯಾಸ ಮಾಡಿದ ಎಂಜಿನಿಯರುಗಳು ತಿಳಿಸುವಂತೆ, ಸಾಯುವವರಲ್ಲಿ ಹೆಚ್ಚು ಪಾಲು ಜನ ತುಳಿತದಿಂದಲ್ಲ, ಎದೆಯ ಮೇಲಣ ಒತ್ತಡದಿಂದ ಉಸಿರು ಕಟ್ಟಿ ಸಾಯುತ್ತಾರೆ. ಎಷ್ಟೋ ವೇಳೆ ನಿಂತಂತೆಯೇ. ಒಂದು ಚದರ ಮೀಟರಿನಲ್ಲಿ ನಾಲ್ಕು ಜನರಿರುವವರೆಗೆ ಪ್ರತಿಯೊಬ್ಬನೂ ತನ್ನ ಕಾಲಿನ ಮೇಲೆ ತಾನು ನಿಂತಿರುತ್ತಾನೆ. ಆ ಸಂಖ್ಯೆ ಏಳರ ಹತ್ತಿರಕ್ಕೆ ಬಂದಾಗ ಜನ ವ್ಯಕ್ತಿಗಳಾಗಿ ಉಳಿಯದೆ ದ್ರವದಂತೆ ವರ್ತಿಸುತ್ತಾರೆ. ಹಿಂದಿನಿಂದ ಬಂದ ಒಂದು ನೂಕು ಅಲೆಯಾಗಿ ಮುಂದಿನವರೆಗೆ ಹಾಯುತ್ತದೆ. ಕಲಬುರಗಿಯ ಶರಣಬಸವೇಶ್ವರರ ರಥೋತ್ಸವದಲ್ಲಿ ತೇರಿನ ಹತ್ತಿರ ನಿಂತವರಿಗೆ, ತಾವು ಹೆಜ್ಜೆ ಇಡದೆಯೇ ಸರಿದುಹೋದ ಅನುಭವ ಆಗಿರಬಹುದು. ಹಿಂದಿನವನಿಗೆ ಮುಂದೆ ಏನಾಗುತ್ತಿದೆಯೆಂದು ಕಾಣುವುದಿಲ್ಲ; ಅವನು ಬರಿದೆ ಒಂದು ಹೆಜ್ಜೆ ಮುಂದಿಟ್ಟಿರುತ್ತಾನೆ. ಆದುದರಿಂದ ಜನರ ಅವಿವೇಕವನ್ನು ಮಾತ್ರ ದೂರುವುದು ನಮಗೆ ಸರಿದೋರುವುದಿಲ್ಲ.

ನೀರಿನ ಹರಿವಿಗೆ ಲೆಕ್ಕವಿರುವಂತೆ ಜನರ ಹರಿವಿಗೂ ಲೆಕ್ಕವುಂಟು. ಗ್ಲಾಸ್ಗೋ ನಗರದ ಐಬ್ರಾಕ್ಸ್ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ೧೯೭೧ರ ಜನವರಿ ೨ರಂದು ೬೬ ಜನ ಸತ್ತ ತರುವಾಯ, ಬ್ರಿಟನ್ನಿನಲ್ಲಿ ೧೯೭೩ರಲ್ಲಿ ಕ್ರೀಡಾಂಗಣಗಳ ಸುರಕ್ಷತೆಗೆ ಒಂದು ಕೈಪಿಡಿ ಹೊರಟಿತು. ಕಾಲಕಾಲಕ್ಕೆ ಅದನ್ನು ತಿದ್ದುತ್ತ ಬಂದಿದ್ದಾರೆ. ಅದರ ಈಚಿನ ಆವೃತ್ತಿಗಳ ಪ್ರಕಾರ ಒಬ್ಬೊಬ್ಬರನ್ನೇ ಒಳಬಿಡುವ ತಿರುಗುಬಾಗಿಲಿನಲ್ಲಿ ಗಂಟೆಗೆ ೬೬೦ಕ್ಕಿಂತ ಹೆಚ್ಚು ಜನರನ್ನು ಲೆಕ್ಕಕ್ಕೆ ಹಿಡಿಯಬಾರದು. ಸಮತಟ್ಟಾದ ಹೊರದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ೮೨ ಜನ. ಈಗ ಪೆನ್ಸಿಲು ಹಿಡಿಯಿರಿ. ೩೫,೦೦೦ ಜನ ಒಂದು ಗಂಟೆಯಲ್ಲಿ ಒಳಬರಬೇಕಾದರೆ ೫೪ ಬಾಗಿಲುಗಳು ಬೇಕು. ಅವರೇ ಎಂಟು ನಿಮಿಷದಲ್ಲಿ ಹೊರಬೀಳಬೇಕಾದರೆ ಒಟ್ಟು ೫೩ ಮೀಟರಿಗೂ ಮಿಕ್ಕ ಅಗಲದ ದಾರಿ ಬೇಕು. ಎರಡು ಲಕ್ಷ ಜನರನ್ನು ಒಂದು ಗಂಟೆಯಲ್ಲಿ ಒಳಬಿಡಲು ೩೦೪ ಬಾಗಿಲುಗಳು! ಹಾಗೆ ಬಿಟ್ಟರೂ ಅವರಿಗೆ ಒಳಗೆ ಸ್ಥಳವಿಲ್ಲ.

ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಕಲ್ಲು ಬಿದ್ದುದು ಆ ಕೈಪಿಡಿಗೆ ನಾಲ್ಕು ವರ್ಷ ಮೊದಲು; ಆಗಿನ ಬೆಂಗಳೂರು ಈಗಿನದರ ಒಂದು ಸಣ್ಣ ಪಾಲು. ತರುವಾಯ ಈ ಕಟ್ಟಡಕ್ಕೆ ಹೊಸದು ಸೇರುತ್ತಲೇ ಬಂದಿದೆ: ೧೯೯೬ರ ವಿಶ್ವಕಪ್ಪಿಗೆ ಹೊನಲು ಬೆಳಕು, ೨೦೧೫ರಲ್ಲಿ ಛಾವಣಿಯ ಮೇಲೆ ೪೦೦ ಕಿಲೋವಾಟಿನ ಸೌರಫಲಕಗಳು, ೨೦೧೭ರಲ್ಲಿ ನೆಲದಡಿಯ ಯಂತ್ರ. ಸುತ್ತಲೂ ರಸ್ತೆಗಳು ಮತ್ತು ಉದ್ಯಾನ ಬಿಗಿದುಕೊಂಡಿರುವುದರಿಂದ ಜನ ನಿಲ್ಲುವ ಅಂಗಳ ಮಾತ್ರ ಬೆಳೆಯಲು ಎಡೆಯಿಲ್ಲ. ದುರಂತದ ವಿಚಾರಣೆ ನಡೆಸಿದ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಆಯೋಗ ೨೦೨೫ರ ಜುಲೈಯಲ್ಲಿ ವರದಿ ಒಪ್ಪಿಸಿತು. ಕ್ರೀಡಾಂಗಣದ ವಿನ್ಯಾಸವೇ ಭಾರಿ ಜನಸಮೂಹಕ್ಕೆ ತಕ್ಕುದಲ್ಲವೆಂದು ಅದು ಅಭಿಪ್ರಾಯಪಟ್ಟು, ದೊಡ್ಡ ಸಮಾರಂಭಗಳಿಗೆ ಸರದಿಯ ಅಂಗಳ, ಸಾಕಷ್ಟು ಬಾಗಿಲುಗಳು, ತುರ್ತಾಗಿ ಜನರನ್ನು ಹೊರಸಾಗಿಸುವ ಏರ್ಪಾಡು ಇರುವ ಸ್ಥಳಗಳನ್ನು ಆರಿಸಬೇಕೆಂದು ಹೇಳಿತು. ಆ ವರ್ಷದ ಮಹಿಳೆಯರ ವಿಶ್ವಕಪ್ಪಿನಲ್ಲಿ ಬೆಂಗಳೂರಿನ ಬದಲು ನವಿ ಮುಂಬಯಿಯನ್ನು ಪಂದ್ಯಸ್ಥಳವನ್ನಾಗಿ ಮಾಡಿದರು. ನವೆಂಬರ್ ೨ರಂದು ಭಾರತದ ಮಹಿಳೆಯರು ದಕ್ಷಿಣ ಆಫ್ರಿಕವನ್ನು ೫೨ ಓಟಗಳಿಂದ ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್ ಎತ್ತಿದುದು ಅಲ್ಲಿಯೇ.